ಕುರ್ಚಿ ಮಾಡಿದವರ ಕಥೆಯಲ್ಲಿ ಕಾರ್ಖಾನೆಯೇ ಕಾಣೆ

ಸಂಪಾದಕರಿಗೆ,

ಮಾನ್ಯರೇ,

ಮಹಿಳಾ ದಿನದ ನಿಮ್ಮ ಪುರವಣಿಯಲ್ಲಿ ನೈಜೀರಿಯಾದ ಉದ್ಯಮಿ ಇಬುಕುನ್ ಅವೊಸಿಕಾ ಅವರ ಬಗ್ಗೆ ಬಂದ ಲೇಖನ ಓದಿದೆ. ಫಸ್ಟ್ ಬ್ಯಾಂಕ್ ಆಫ್ ನೈಜೀರಿಯಾ ಎಂಬ, ನೂರು ವರ್ಷ ದಾಟಿದ ಬ್ಯಾಂಕಿಗೆ ಮೊದಲ ಮಹಿಳಾ ಅಧ್ಯಕ್ಷೆ ಎಂಬಲ್ಲಿ ಶುರುವಾದ ಲೇಖನ, ಮನೆ ಮಕ್ಕಳು ಆಫೀಸು ಮೂರನ್ನೂ ಹೇಗೆ ತೂಗಿಸಿದರು ಎಂಬಲ್ಲಿಗೆ ಮುಗಿಯಿತು. ನಡುವೆ ಎಲ್ಲೋ ಒಂದು ಕಡೆ ‘ಪೀಠೋಪಕರಣ ಉದ್ಯಮವನ್ನೂ ನಡೆಸುತ್ತಿದ್ದಾರೆ’ ಎಂಬ ಸಾಲು ಇತ್ತು. ನಾನು ಶಿವಮೊಗ್ಗದ ಹೊರಗೆ ಆಫೀಸ್ ಫರ್ನಿಚರ್ ಮಾಡುವ ಸಣ್ಣ ಘಟಕ ಇಟ್ಟುಕೊಂಡವಳು. ಆ ಒಂದು ಸಾಲಿನ ಸಲುವಾಗಿಯೇ ಈ ಪತ್ರ. ಸ್ವಲ್ಪ ಉದ್ದವಾದೀತು, ಕತ್ತರಿಸುವುದಾದರೆ ನಡುವಿನ ಫ್ಯಾಕ್ಟರಿ ಭಾಗವನ್ನು ಮಾತ್ರ ಕತ್ತರಿಸಬೇಡಿ.

‘ಉದ್ಯಮವನ್ನೂ’ ಅನ್ನುವಲ್ಲಿ ಆ ‘ಊ’ ಯಾಕೆ ಬಂತು ಅಂತ ನನ್ನ ತಕರಾರು. ಆ ಹೆಂಗಸು ಬ್ಯಾಂಕಿನಿಂದ ಫರ್ನಿಚರಿಗೆ ಬಂದವರಲ್ಲ, ಫರ್ನಿಚರಿನಿಂದ ಬ್ಯಾಂಕಿಗೆ ಹೋದವರು. 1962ರ ಡಿಸೆಂಬರಿನಲ್ಲಿ ಹುಟ್ಟಿದವರು. ಇಫೆ ವಿಶ್ವವಿದ್ಯಾಲಯದಲ್ಲಿ ಓದಿದ್ದು ರಸಾಯನಶಾಸ್ತ್ರ. ಪದವಿ ಮುಗಿಸಿದವರು ಒಂದು ವರ್ಷ ದೇಶದ ಕೆಲಸ ಮಾಡಬೇಕೆಂಬ ಕಾನೂನು ಅಲ್ಲಿ 1973ರಿಂದ ಇದೆ. ಆ ವರ್ಷವನ್ನು ಅವರು ಲೇಗೋಸಿನ ಹೆಸರಾಂತ ಲೆಕ್ಕಪರಿಶೋಧಕ ಸಂಸ್ಥೆ ಅಕಿಂತೊಲಾ ವಿಲಿಯಮ್ಸ್‌ನಲ್ಲಿ ಕಳೆದರು. ಲೆಕ್ಕ ನೋಡುವುದು ತನ್ನ ಜೀವಮಾನದ ಕೆಲಸವಲ್ಲ ಅಂತ ಅಲ್ಲಿ ಗೊತ್ತಾಯಿತು. ಆಮೇಲೆ ಒಂದು ಫರ್ನಿಚರ್ ಕಂಪನಿಯ ಶೋರೂಮಿನಲ್ಲಿ ಮ್ಯಾನೇಜರ್ ಕೆಲಸ. ಆ ಕೆಲಸದಲ್ಲಿ ನಿಂತದ್ದು ಮೂರೂವರೆ ತಿಂಗಳು. ಅಲ್ಲಿಂದ ಎದ್ದು ಬಂದು 1989ರಲ್ಲಿ ‘ಕ್ವೀಬೀಸ್’ ಎಂಬ ಸ್ವಂತ ಕಂಪನಿ ಮಾಡಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಬಡಗಿಗಳು, ಪಾಲಿಶ್ ಹಾಕುವವರು, ಕುಶನ್ ಹೊಲಿಯುವವರು, ಇವರೆಲ್ಲ ಗಂಡಸರು. ಇವರ ನಡುವೆ ಕೆಮಿಸ್ಟ್ರಿ ಓದಿದ ಹುಡುಗಿ.

ಆ ವರ್ಷ ಯಾವುದು ಅನ್ನುವುದು ಮುಖ್ಯ. ನಮ್ಮ ಚಿಕ್ಕಪ್ಪ ಎಂಬತ್ತರ ದಶಕದಲ್ಲಿ ನೈಜೀರಿಯಾದ ಕಾನೋ ಕಡೆ ಸರ್ಕಾರಿ ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದರು. ತೈಲದ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ಆ ದೇಶ ಊರೂರಿಗೆ ಶಾಲೆ ತೆರೆದು ಭಾರತದಿಂದ ಮೇಷ್ಟ್ರುಗಳನ್ನು ಕರೆಸಿಕೊಂಡಿತ್ತು. ನಮ್ಮ ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ನೈಜೀರಿಯಾ ಮಾವ, ನೈಜೀರಿಯಾ ದೊಡ್ಡಪ್ಪ ಇರುತ್ತಿದ್ದರು. 1985ರಲ್ಲಿ ಒಂದು ಡಾಲರಿಗೆ ಅಲ್ಲಿನ ನಾಣ್ಯವಾದ ನೈರಾ ಒಂದಕ್ಕಿಂತ ಕಡಿಮೆ ಕೊಟ್ಟರೆ ಸಾಕಿತ್ತು. 1986ರಲ್ಲಿ ಸಾಲ ಕೊಟ್ಟವರ ಒತ್ತಾಯಕ್ಕೆ ಅಲ್ಲಿನ ಮಿಲಿಟರಿ ಸರ್ಕಾರ ಆರ್ಥಿಕ ಹೊಂದಾಣಿಕೆ ಕಾರ್ಯಕ್ರಮ ತಂದಿತು, ನೈರಾ ಜಾರುತ್ತಲೇ ಹೋಯಿತು. 1999ರ ಹೊತ್ತಿಗೆ ಡಾಲರಿಗೆ ತೊಂಬತ್ತು ದಾಟಿತ್ತು. ಊರಿಗೆ ಕಳಿಸುವ ಸಂಬಳಕ್ಕೆ ಅರ್ಥವೇ ಉಳಿಯದೆ ಚಿಕ್ಕಪ್ಪನಂಥವರು ಗಂಟುಮೂಟೆ ಕಟ್ಟಿ ವಾಪಸು ಬಂದರು. ಸರಿಯಾಗಿ ಅದೇ ವರ್ಷಗಳಲ್ಲಿ ಈಕೆ ಲೇಗೋಸಿನಲ್ಲಿ ವರ್ಕ್‌ಶಾಪ್ ಹಾಕಿದ್ದು.

ಹುಚ್ಚು ಧೈರ್ಯ ಅನ್ನಬಹುದು. ನಾನು ಹಾಗೆ ಅನ್ನುವುದಿಲ್ಲ. ನಾಣ್ಯ ಬಿದ್ದಾಗ ಯುರೋಪಿನಿಂದ ಹಡಗಿನಲ್ಲಿ ಬರುವ ಕುರ್ಚಿ ಕೈಗೆ ಸಿಗದಷ್ಟು ದುಬಾರಿಯಾಗುತ್ತದೆ, ಊರಲ್ಲೇ ಮಾಡಿದ ಕುರ್ಚಿಗೆ ಬೆಲೆ ಬರುತ್ತದೆ. ಇದು ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾದ ಲೆಕ್ಕವಲ್ಲ. ಆದರೆ ಅದರಲ್ಲೇ ಒಂದು ಗುದ್ದು ಕೂಡ ಇದೆ, ಅದನ್ನು ನಿಮ್ಮ ಓದುಗರಿಗೆ ಬಿಡಿಸಿ ಹೇಳಬೇಕು.

ಟೇಬಲ್ಲು, ಬೀರು, ಪಾರ್ಟಿಶನ್ನು ಇವನ್ನೆಲ್ಲ ಮರ, ಪ್ಲೈವುಡ್, ಒಳ್ಳೆಯ ಬಡಗಿ ಇದ್ದರೆ ಎಲ್ಲಿ ಬೇಕಾದರೂ ಮಾಡಬಹುದು. ತಿರುಗುವ ಕುರ್ಚಿ ಹಾಗಲ್ಲ. ಅದರಲ್ಲಿ ಮರದ ಕೆಲಸ ಅತಿ ಕಡಿಮೆ. ಕೆಳಗೆ ಐದು ಕಾಲಿನ ಬೇಸು, ಅದಕ್ಕೆ ಚಕ್ರ, ನಡುವೆ ಮೇಲೆ ಕೆಳಗೆ ಮಾಡುವ ಗ್ಯಾಸ್ ಲಿಫ್ಟು, ಸೀಟಿನಡಿ ಹಿಂದಕ್ಕೆ ಒರಗಿಸುವ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಅಚ್ಚಿನಲ್ಲಿ ಬಗ್ಗಿಸಿದ ಪ್ಲೈ, ಫೋಮು, ಬಟ್ಟೆ. ಇದರಲ್ಲಿ ಮುಕ್ಕಾಲು ಪಾಲು ಸಾಮಾನು ಹೊರಗಿನಿಂದ ಬರಬೇಕು. ಅಗ್ಗದ ಗ್ಯಾಸ್ ಲಿಫ್ಟ್ ಹಾಕಿದರೆ ಆರು ತಿಂಗಳಲ್ಲಿ ಸಾಹೇಬರು ಮಾತಾಡುತ್ತ ಮಾತಾಡುತ್ತ ಮೇಜಿನ ಮಟ್ಟಕ್ಕೆ ಇಳಿದುಬಿಡುತ್ತಾರೆ. (ಇಂಥದ್ದನ್ನು ನೋಡಿ ನಗದೆ ನಿಂತಿರುವುದು ನಮ್ಮ ಕಸುಬಿನ ದೊಡ್ಡ ಕಷ್ಟ.) ಅಂದರೆ, ನಾಣ್ಯ ಬಿದ್ದರೆ ತಯಾರಾದ ಕುರ್ಚಿಯ ಜತೆಗೆ ಅದರ ಬಿಡಿಭಾಗಗಳೂ ದುಬಾರಿ. ಆಫೀಸ್ ಫರ್ನಿಚರ್ ಮಾಡುವವರು ಇಂಥ ದೇಶದಲ್ಲಿ ಟೇಬಲ್ಲಿನಲ್ಲಿ ಗೆದ್ದು ಕುರ್ಚಿಯಲ್ಲಿ ಸೋಲುತ್ತಾರೆ.

ಕರೆಂಟಿನ ಮಾತು ಬೇರೆ. ಲೇಗೋಸಿನಲ್ಲಿ ಕಾರ್ಖಾನೆ ಅಂದರೆ ಡೀಸೆಲ್ ಜನರೇಟರು, ಜತೆಗೆ ಕಾರ್ಖಾನೆ. ಅಲ್ಲಿನ ವಿದ್ಯುತ್ ಮಂಡಳಿಯ ಹೆಸರು ಹೇಳಿದರೆ ಜನ ನಗುತ್ತಿದ್ದರು ಅಂತ ಚಿಕ್ಕಪ್ಪ ಹೇಳುತ್ತಿದ್ದರು. ಗರಗಸ ಮರದ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೆ ಏನಾಗುತ್ತದೆ ಅಂತ ನಮ್ಮ ಕೈಗಾರಿಕಾ ವಸಾಹತಿನ ಯಾರನ್ನು ಕೇಳಿದರೂ ಹೇಳುತ್ತಾರೆ, ಅವರ ತೊಂದರೆ ನಮ್ಮದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅವೊಸಿಕಾ ಅವರ ಬದುಕಿನ ದೊಡ್ಡ ತೀರ್ಮಾನ ಬ್ಯಾಂಕಿನ ಅಧ್ಯಕ್ಷೆಯಾದ 2015ರದ್ದಲ್ಲ, 2004ರದ್ದು. ಆ ಹೊತ್ತಿಗೆ ಹದಿನೈದು ವರ್ಷ ದುಡಿದು, ಕ್ವೀಬೀಸ್‌ನಿಂದ ಬೆಳೆದ ‘ದಿ ಚೇರ್ ಸೆಂಟರ್’ ಎಂಬ ಹೆಸರು ಕಟ್ಟಿದ್ದರು. ಅದೇ ಸುಮಾರಿಗೆ ನೈಜೀರಿಯಾ ಸರ್ಕಾರ ತಯಾರಾದ ಫರ್ನಿಚರನ್ನು ಆಮದು ನಿಷೇಧದ ಪಟ್ಟಿಗೆ ಸೇರಿಸಿತು. ಇಂಥ ನಿಷೇಧ ಬಂದಾಗ ವ್ಯಾಪಾರಿಗಳಿಗೆ ಎರಡು ದಾರಿ ಸುಲಭ. ಒಂದು, ಹಳೆ ಸ್ಟಾಕನ್ನು ದುಪ್ಪಟ್ಟು ಬೆಲೆಗೆ ಮಾರಿ ಕೈತೊಳೆಯುವುದು. ಇನ್ನೊಂದು, ಪಕ್ಕದ ಬೆನಿನ್ ದೇಶದ ಕೊಟೊನೂ ಬಂದರಿಗೆ ಮಾಲು ಇಳಿಸಿ ಗಡಿ ದಾಟಿಸುವುದು. ನೈಜೀರಿಯಾ ಏನನ್ನು ನಿಷೇಧಿಸಿದರೂ ಆ ದಾರಿಯಲ್ಲಿ ಬರುತ್ತದೆ ಅಂತ ಪ್ರತೀತಿ.

ಆಕೆ ಮಾಡಿದ್ದು ಮೂರನೆಯದು. ಫ್ರಾನ್ಸಿನ ನೈರುತ್ಯ ತುದಿಯಲ್ಲಿ, ಸ್ಪೇನ್ ಗಡಿಗೆ ಅಂಟಿಕೊಂಡ ಬಾಸ್ಕ್ ನಾಡಿನ ಆಂದಾಯ್ ಎಂಬ ಊರಿದೆ. ಅಲ್ಲಿ ಸೊಕೋವಾ ಎಂಬ ಆಫೀಸ್ ಕುರ್ಚಿ ಕಂಪನಿ, 1971ರಷ್ಟು ಹಳೆಯದು. ಆ ಕಂಪನಿಯನ್ನು ಪಾಲುದಾರನಾಗಿ ಕರೆತಂದರು. ನೈಜೀರಿಯಾದ ಗ್ಯಾರಂಟಿ ಟ್ರಸ್ಟ್ ಬ್ಯಾಂಕನ್ನೂ ಷೇರುದಾರನಾಗಿ ಸೇರಿಸಿಕೊಂಡರು. ಆಗ ನೈಜೀರಿಯಾದ ಬ್ಯಾಂಕುಗಳು ತೆರಿಗೆಗೆ ಮುಂಚಿನ ಲಾಭದಲ್ಲಿ ಶೇ 10ರಷ್ಟನ್ನು ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳ ಷೇರಿನಲ್ಲಿ ಹಾಕಬೇಕೆಂಬ ಒಪ್ಪಂದ ಇತ್ತು, 2001ರಲ್ಲಿ ಶುರುವಾದದ್ದು. ಮೂವರು ಸೇರಿ ‘ಸೊಕೋವಾ ಚೇರ್ ಸೆಂಟರ್’ ಆಯಿತು. ಕುರ್ಚಿಗಳು ನೈಜೀರಿಯಾದಲ್ಲೇ ತಯಾರಾಗತೊಡಗಿದವು.

ಇದನ್ನು ಓದಿದಾಗ ನಾನು ಸುಮಾರು ಹೊತ್ತು ಸುಮ್ಮನೆ ಕೂತೆ. ನಮ್ಮಲ್ಲಿ ಹೆಂಗಸರು ಕಟ್ಟಿದ ಘಟಕಗಳಲ್ಲಿ ಹೆಚ್ಚಿನವು ಹುಟ್ಟಿದ ಅಳತೆಯಲ್ಲೇ ಉಳಿಯುತ್ತವೆ. ಕಾರಣ ಸಾಮರ್ಥ್ಯವಲ್ಲ. ನಾವು ಸಾಲ ಮಾಡುತ್ತೇವೆ, ಚಿನ್ನ ಅಡ ಇಡುತ್ತೇವೆ, ಪಾಲು ಮಾತ್ರ ಕೊಡುವುದಿಲ್ಲ. ಎಷ್ಟೋ ಜಗಳ ಆಡಿ ಗಳಿಸಿದ ಒಡೆತನ, ಅದನ್ನು ಹೊರಗಿನವರ ಜತೆ ಹಂಚಿಕೊಳ್ಳುವುದು ಅಂದರೆ ಹೊಟ್ಟೆ ಹಿಂಡುತ್ತದೆ. ಬ್ಯಾಂಕಿನವರು ಸಾಲ ಕೊಟ್ಟರೆ ಕಂತು ಕೇಳುತ್ತಾರೆ, ಷೇರು ತೆಗೆದುಕೊಂಡರೆ ಲೆಕ್ಕ ಕೇಳುತ್ತಾರೆ. ಪ್ರತಿ ಖರ್ಚಿಗೂ ಸಭೆ, ಪ್ರತಿ ನೇಮಕಕ್ಕೂ ಸಹಿ. ತಾನೇ ಕಟ್ಟಿದ ಕಂಪನಿಯಲ್ಲಿ ಬೇರೆಯವರನ್ನು ಕೇಳಿ ಮುಂದೆ ಹೋಗಬೇಕು. ಅದಕ್ಕೆ ಒಪ್ಪಿ ಅವೊಸಿಕಾ ಪಡೆದದ್ದು ಸೊಕೋವಾದ ವಿನ್ಯಾಸ, ಅಚ್ಚು, ಪರೀಕ್ಷೆ ಮಾಡಿದ ಬಿಡಿಭಾಗ. ಅಂದರೆ ಆಗಲೇ ಹೇಳಿದೆನಲ್ಲ, ಬಡಗಿಯಿಂದ ಆಗದ ಆ ಮುಕ್ಕಾಲು ಪಾಲು. ಚಿಕ್ಕದರ ಪೂರ್ತಿ ಒಡತಿಯಾಗಿರುವುದೋ ದೊಡ್ಡದರ ಪಾಲುದಾರಳಾಗುವುದೋ ಎಂಬ ಪ್ರಶ್ನೆ ನನ್ನಂಥವರಿಗೆ ದಿನಾ ಎದುರಾಗುತ್ತದೆ. ನಿಮ್ಮ ಲೇಖನದಲ್ಲಿ ಇದೇ ಇಲ್ಲ, ಆದರೆ ಅವರ ಸೀರೆಯಂಥ ತಲೆಯ ವಸ್ತ್ರದ ಬಣ್ಣದ ಬಗ್ಗೆ ಎರಡು ವಾಕ್ಯ ಇದೆ.

ಕಾಲವೂ ಕೂಡಿಬಂತು ಅನ್ನಿ. 2004ರ ಜುಲೈನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಿನ ಗವರ್ನರ್ ಚಾರ್ಲ್ಸ್ ಸೊಲುಡೊ, ಬ್ಯಾಂಕುಗಳ ಕನಿಷ್ಠ ಬಂಡವಾಳ 200 ಕೋಟಿ ನೈರಾ ಇದ್ದದ್ದು 2,500 ಕೋಟಿ ಆಗಬೇಕು ಅಂತ ಘೋಷಿಸಿದರು. ಗಡುವು 2005ರ ಡಿಸೆಂಬರ್. 89 ಬ್ಯಾಂಕುಗಳಿದ್ದದ್ದು ಕೂಡಿ, ನುಂಗಿ, ಮುಳುಗಿ 25ಕ್ಕೆ ಬಂತು. ನಮ್ಮಲ್ಲೂ ಬ್ಯಾಂಕ್ ವಿಲೀನ ನೋಡಿದ್ದೇವೆ. ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬೋರ್ಡುಗಳು ಇಳಿದಾಗ ಕರಾವಳಿಯವರಿಗೆ ಕಣ್ಣೀರು ಬಂತು, ನಮ್ಮಂಥವರಿಗೆ ಬಂದ ಯೋಚನೆ ಬೇರೆ: ಹೊಸ ಬೋರ್ಡು, ಹೊಸ ಕೌಂಟರು, ಹೊಸ ಕುರ್ಚಿ ಯಾರಿಗೆ ಆರ್ಡರ್ ಸಿಗುತ್ತದೆ? ದುಡ್ಡು ತುಂಬಿಕೊಂಡ ದೊಡ್ಡ ಬ್ಯಾಂಕುಗಳು ಶಾಖೆ ತೆರೆಯುತ್ತವೆ. ಶಾಖೆ ಅಂದ ಮೇಲೆ ಕುರ್ಚಿ ಬೇಕು, ಬಾಗಿಲು ಬೇಕು. ನೈಜೀರಿಯಾದ ಬ್ಯಾಂಕಿಗೆ ಹೋದವರಿಗೆ ಗೊತ್ತು, ಒಬ್ಬರೇ ಹಿಡಿಸುವ ಗಾಜಿನ ಗೂಡಿನಂಥ ಬಾಗಿಲಲ್ಲಿ ನಿಲ್ಲಬೇಕು, ಹಿಂದಿನದು ಮುಚ್ಚಿದ ಮೇಲೇ ಮುಂದಿನದು ತೆಗೆಯುತ್ತದೆ. ಲೋಹ ಇದ್ದರೆ ಅಲ್ಲೇ ತಡೆಯುತ್ತದೆ. ಅವೊಸಿಕಾ ಅವರ ಸಮೂಹ ಬ್ಯಾಂಕುಗಳಿಗೆ ಇಂಥ ಭದ್ರತಾ ವ್ಯವಸ್ಥೆಯನ್ನೂ ಮಾಡಿಕೊಡುತ್ತದೆ.

ಈಗ ಬ್ಯಾಂಕಿನ ಮಾತು. ಫಸ್ಟ್ ಬ್ಯಾಂಕ್ ಆಫ್ ನೈಜೀರಿಯಾ ಹುಟ್ಟಿದ್ದು 1894ರಲ್ಲಿ, ಬ್ರಿಟಿಷ್ ಪಶ್ಚಿಮ ಆಫ್ರಿಕಾದ ಬ್ಯಾಂಕಾಗಿ. 2015ರ ಸೆಪ್ಟೆಂಬರಿನಲ್ಲಿ ಅವೊಸಿಕಾ ಅದರ ಮೊದಲ ಮಹಿಳಾ ಅಧ್ಯಕ್ಷೆಯಾದರು. ಅದಕ್ಕೂ ಮುಂಚೆ ಅದರ ನಿರ್ದೇಶಕ ಮಂಡಳಿಯಲ್ಲಿದ್ದವರು. ನಿಮ್ಮ ಲೇಖನದ ಪ್ರಕಾರ ಅವರು ‘ಬ್ಯಾಂಕನ್ನು ಮುನ್ನಡೆಸಿದರು, ಸಾಲ ನೀತಿ ಬದಲಿಸಿದರು’. ಇಲ್ಲಿ ಗೊಂದಲವಾಗಿದೆ. ನಮ್ಮ ಸ್ಟೇಟ್ ಬ್ಯಾಂಕಿನಲ್ಲಿ ಅಧ್ಯಕ್ಷರೇ ಬ್ಯಾಂಕ್ ನಡೆಸುವವರು, 2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಆ ಹುದ್ದೆಗೆ ಬಂದದ್ದು ನೆನಪಿದೆಯಲ್ಲ. ನೈಜೀರಿಯಾದಲ್ಲಿ ಎರಡು ಹುದ್ದೆ ಬೇರೆ ಬೇರೆ. ದಿನನಿತ್ಯದ ಆಡಳಿತ ವ್ಯವಸ್ಥಾಪಕ ನಿರ್ದೇಶಕರದ್ದು, 2016ರ ಜನವರಿಯಿಂದ ಅದು ಅಡೆಸೊಲಾ ಅಡೆಡುಂಟನ್ ಅವರಲ್ಲಿತ್ತು. ಅಧ್ಯಕ್ಷೆ ಮಂಡಳಿಯ ಸಭೆ ನಡೆಸುವವರು, ಆಡಳಿತದವರನ್ನು ಪ್ರಶ್ನೆ ಕೇಳುವವರು. ಸಾಲದ ಕಾಗದಕ್ಕೆ ಸಹಿ ಹಾಕುವವರಲ್ಲ.

ಅವರು ಆ ಜಾಗಕ್ಕೆ ಬಂದ ಹೊತ್ತೇ ಕೆಟ್ಟದಿತ್ತು. ತೈಲದ ಬೆಲೆ ಕುಸಿದು 2016ರಲ್ಲಿ ನೈಜೀರಿಯಾ ಎರಡು ದಶಕಗಳ ಮೇಲೆ ಮೊದಲ ಸಲ ಆರ್ಥಿಕ ಹಿಂಜರಿತಕ್ಕೆ ಬಿತ್ತು. ಆ ವರ್ಷದ ಕೊನೆಗೆ ಫಸ್ಟ್ ಬ್ಯಾಂಕಿನ ಸಮೂಹ ಕೊಟ್ಟ ಸಾಲದಲ್ಲಿ ಶೇ 24ರಷ್ಟು ವಸೂಲಾಗದ ಸಾಲ. ನಾಲ್ಕು ರೂಪಾಯಿ ಕೊಟ್ಟರೆ ಅದರಲ್ಲಿ ಒಂದು ರೂಪಾಯಿ ಸಿಕ್ಕಿಹಾಕಿಕೊಂಡಂತೆ. ನಾಲ್ಕೈದು ವರ್ಷಗಳಲ್ಲಿ ಅದು ಶೇ 10ರ ಕೆಳಗಿಳಿಯಿತು. ಯಾರ ಪಾಲು ಎಷ್ಟು ಅಂತ ಹೊರಗಿನಿಂದ ಹಂಚುವುದು ಸರಿಯಲ್ಲ, ಆದರೆ ಇಳಿದದ್ದು ಅವರ ಅಧ್ಯಕ್ಷತೆಯ ಅವಧಿಯಲ್ಲಿ.

ನಿಮ್ಮ ಲೇಖನ ಇಲ್ಲಿಗೆ ನಿಂತು ‘2021ರಲ್ಲಿ ನಿವೃತ್ತರಾದರು’ ಅನ್ನುತ್ತದೆ. ಸಂಪಾದಕರೇ, ಅದು ನಿವೃತ್ತಿಯಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ಮಂಡಳಿಯು ಅಡೆಡುಂಟನ್ ಅವರನ್ನು ಇಳಿಸಿ ಉಪ ವ್ಯವಸ್ಥಾಪಕ ನಿರ್ದೇಶಕ ಗ್ಬೆಂಗಾ ಶೋಬೊ ಅವರನ್ನು ನೇಮಿಸಿತು. ಮರುದಿನವೇ ಕೇಂದ್ರ ಬ್ಯಾಂಕಿನ ಗವರ್ನರ್ ಗಾಡ್ವಿನ್ ಎಮೆಫಿಯೆಲೆ ಬ್ಯಾಂಕಿನ ಮಂಡಳಿ ಮತ್ತು ಅದರ ಮಾತೃಸಂಸ್ಥೆಯ ಮಂಡಳಿ ಎರಡನ್ನೂ ವಜಾ ಮಾಡಿ, ಅಡೆಡುಂಟನ್ ಅವರನ್ನು ಮತ್ತೆ ಕೂರಿಸಿದರು. 2016ರಿಂದ ಈ ಬ್ಯಾಂಕಿಗೆ ನಿಯಮಗಳಲ್ಲಿ ವಿನಾಯಿತಿ ಕೊಟ್ಟು ಕಾಪಾಡಿಕೊಂಡು ಬಂದಿದ್ದೇವೆ, ನಮ್ಮನ್ನು ಕೇಳದೆ ಆಡಳಿತ ಬದಲಿಸಿದ್ದೀರಿ ಅನ್ನುವುದು ಗವರ್ನರ್ ಕೊಟ್ಟ ಕಾರಣ. ಒಳಗಿನವರಿಗೆ ಕೊಟ್ಟ ಸಾಲ ವಸೂಲಾಗಿಲ್ಲ ಎಂಬ ಮಾತೂ ಬಂತು, ಅದರಲ್ಲಿ ಹೆಸರಾದದ್ದು ಮಾತೃಸಂಸ್ಥೆಯ ಅಧ್ಯಕ್ಷ ಒಬಾ ಒಟುಡೆಕೊ ಅವರ ಹನಿವೆಲ್ ಹಿಟ್ಟಿನ ಗಿರಣಿಯ ಸಾಲ. ಕ್ರಮ ಇಡೀ ಮಂಡಳಿಯ ಮೇಲೆ, ಅವೊಸಿಕಾ ಒಬ್ಬರ ಮೇಲಲ್ಲ. ಆದರೂ ಅವರು ಆ ಮಂಡಳಿಯ ಅಧ್ಯಕ್ಷೆ. ಒಂದು ರಾತ್ರಿಯಲ್ಲಿ ಆ ಹುದ್ದೆ ಹೋಯಿತು.

ಇದನ್ನು ಬಿಟ್ಟರೆ ಅವರಿಗೆ ಗೌರವ ಕೊಟ್ಟ ಹಾಗೆ ಅಂತ ಲೇಖಕರು ಅಂದುಕೊಂಡಿರಬಹುದು. ನನಗೆ ಅದು ಗೌರವ ಅನ್ನಿಸುವುದಿಲ್ಲ. ಗಂಡಸು ಉದ್ಯಮಿಯ ಬಗ್ಗೆ ಬರೆಯುವಾಗ ಅವನ ಜಗಳ, ಸೋಲು, ಮೊಕದ್ದಮೆ ಎಲ್ಲ ಬರೆಯುತ್ತೀರಿ, ಅವನು ದೊಡ್ಡವನಾಗಿ ಕಾಣುವುದು ಅದರಿಂದಲೇ. ಹೆಂಗಸಿನ ಬಗ್ಗೆ ಬರೆಯುವಾಗ ಮಾತ್ರ ಆರತಿ ಎತ್ತಿ ಮುಗಿಸಿಬಿಡುತ್ತೀರಿ. ಹೀಗೆ ಆರತಿ ಎತ್ತಿದರೆ ಆಗುವ ಅಪಾಯಕ್ಕೆ ಉದಾಹರಣೆ ಅದೇ ದೇಶದಲ್ಲಿದೆ. ಓಷಿಯಾನಿಕ್ ಬ್ಯಾಂಕಿನ ಸಿಸಿಲಿಯಾ ಇಬ್ರು ಅವರನ್ನೂ ಒಂದು ಕಾಲದಲ್ಲಿ ಮಹಿಳಾ ಸಾಧಕಿ ಅಂತ ಹೊತ್ತು ಮೆರೆಸಿದ್ದರು. 2009ರಲ್ಲಿ ಕೇಂದ್ರ ಬ್ಯಾಂಕಿನ ಆಗಿನ ಗವರ್ನರ್ ಸನುಸಿ ಲಮಿಡೊ ಸನುಸಿ ಈಕೆಯನ್ನು ಹುದ್ದೆಯಿಂದ ಕಿತ್ತರು, 2010ರ ಅಕ್ಟೋಬರಿನಲ್ಲಿ ತಪ್ಪೊಪ್ಪಿಕೊಂಡು ಆರು ತಿಂಗಳ ಸೆರೆವಾಸದ ಜತೆಗೆ 19,100 ಕೋಟಿ ನೈರಾದಷ್ಟು ಆಸ್ತಿ ಬಿಟ್ಟುಕೊಡಬೇಕಾಯಿತು. ಅವೊಸಿಕಾ ಅವರದ್ದು ಪೂರಾ ಬೇರೆ ಕಥೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಆದರೆ ಎರಡರ ವ್ಯತ್ಯಾಸ ಓದುಗರಿಗೆ ಗೊತ್ತಾಗಬೇಕಾದರೆ ಎರಡನ್ನೂ ಪೂರ್ತಿ ಹೇಳಬೇಕಲ್ಲವೆ?

ಇನ್ನೊಂದು ಬಿಟ್ಟುಹೋದ ಸಂಗತಿ. ಒಬ್ಬ ಹೆಂಗಸು ಮೇಲೆ ಬಂದ ಕೂಡಲೇ ಅದು ಅವಳ ಮನೋಬಲದ ಪವಾಡ ಎಂಬಂತೆ ಬರೆಯುವುದು ರೂಢಿ. ನೈಜೀರಿಯಾದ ಬ್ಯಾಂಕುಗಳಲ್ಲಿ ನಿಯಮವೂ ಕೆಲಸ ಮಾಡಿತ್ತು. ಮಂಡಳಿಯಲ್ಲಿ ಶೇ 30, ಮೇಲಿನ ಆಡಳಿತದಲ್ಲಿ ಶೇ 40 ಮಹಿಳೆಯರಿರಬೇಕು, 2014ರೊಳಗೆ ಆಗಬೇಕು ಅಂತ ಕೇಂದ್ರ ಬ್ಯಾಂಕೂ ಬ್ಯಾಂಕುಗಳೂ 2012ರ ಹೊತ್ತಿಗೆ ಗುರಿ ಹಾಕಿಕೊಂಡಿದ್ದವು. ಗಡುವಿಗೆ ಸರಿಯಾಗಿ ಎಲ್ಲ ಆಗಲಿಲ್ಲ, ಆದರೆ ಬಾಗಿಲು ತೆರೆಯಿತು. 2021ರ ಒಂದೇ ವರ್ಷದಲ್ಲಿ ಫಿಡೆಲಿಟಿ ಬ್ಯಾಂಕಿಗೆ ನ್ನೆಕಾ ಒನ್ಯಾಲಿ-ಇಕ್ಪೆ, ಗ್ಯಾರಂಟಿ ಟ್ರಸ್ಟ್ ಬ್ಯಾಂಕಿಗೆ ಮಿರಿಯಮ್ ಒಲುಸಾನ್ಯಾ ವ್ಯವಸ್ಥಾಪಕ ನಿರ್ದೇಶಕರಾದರು. ಇವರು ನಿಜವಾಗಿ ಬ್ಯಾಂಕ್ ನಡೆಸುವವರು. ಅವೊಸಿಕಾ ಕೂಡ ಒಂಟಿಯಾಗಿ ಓಡಿದವರಲ್ಲ. ಉದ್ಯಮ ಮತ್ತು ಆಡಳಿತದಲ್ಲಿರುವ ಮಹಿಳೆಯರ ‘ವಿಂಬಿಜ್’ ಸಂಘಟನೆಗೆ ಅಧ್ಯಕ್ಷೆಯಾಗಿದ್ದರು. ಪದವಿ ಪಡೆದೂ ಕೆಲಸಕ್ಕೆ ತಯಾರಾಗದ ಹುಡುಗ ಹುಡುಗಿಯರಿಗೆ ಲೇಗೋಸಿನಲ್ಲಿ ತರಬೇತಿ ಕೇಂದ್ರ ಕಟ್ಟಿದರು. ಟಿ.ವಿ.ಯಲ್ಲಿ ಹೊಸ ಉದ್ಯಮಿಗಳ ಯೋಜನೆ ಕೇಳಿ ಸ್ವಂತ ದುಡ್ಡು ಹಾಕುವವರ ಸಾಲಿನಲ್ಲಿ ಕೂತರು. ತಾನು ಪಾಲು ಕೊಟ್ಟು ಬೆಳೆದವರು ಈಗ ಬೇರೆಯವರ ಪಾಲು ಕೊಳ್ಳುವ ಕಡೆ ಕೂತದ್ದು ನನಗೆ ತುಂಬಾ ಇಷ್ಟವಾದ ವಿಚಾರ.

ಮನೆ ಮಕ್ಕಳ ಪ್ರಶ್ನೆ ಕೇಳಲೇಬಾರದು ಅಂತ ನಾನು ಹೇಳುವುದಿಲ್ಲ. ಕೇಳಿ, ಆದರೆ ಅದರ ಜತೆಗೆ ನಮ್ಮ ಕಸುಬಿನವರು ಕೇಳುವ ಪ್ರಶ್ನೆಗಳನ್ನೂ ಕೇಳಿ. ಆರ್ಡರ್ ತೆಗೆದುಕೊಂಡಾಗ ಅಡ್ವಾನ್ಸ್ ಎಷ್ಟು ಕೇಳುತ್ತಿದ್ದಿರಿ? ಸರ್ಕಾರಿ ಬಿಲ್ಲು ಎಷ್ಟು ತಿಂಗಳಿಗೆ ಕೈಗೆ ಬರುತ್ತಿತ್ತು? ನಮ್ಮ ಒಂದು ಇಲಾಖೆಯ ಬಿಲ್ಲಿಗೆ ಕಾಯುತ್ತ ಬಡಗಿಗಳ ಸಂಬಳಕ್ಕೆ ಬಡ್ಡಿಗೆ ತಂದವಳು ನಾನು, ಆ ಉತ್ತರ ನನಗೆ ಬೇಕು. ಒಳ್ಳೆಯ ಮೇಸ್ತ್ರಿ ಕೆಲಸ ಕಲಿತು ಎದುರು ಬೀದಿಯಲ್ಲೇ ಅಂಗಡಿ ಹಾಕಿದಾಗ ಏನು ಮಾಡಿದಿರಿ? ಪಾಲುದಾರರ ಜತೆ ಮೊದಲ ಭಿನ್ನಾಭಿಪ್ರಾಯ ಬಂದದ್ದು ಯಾವ ವಿಷಯಕ್ಕೆ? ಮುಂದಿನ ಪುರವಣಿಗೆ ಯಾವ ದೇಶದ ಉದ್ಯಮಿಯನ್ನು ಆರಿಸಿಕೊಂಡರೂ ಇವನ್ನು ಕೇಳಿಸಿ. ನಮ್ಮ ವಸಾಹತಿನಲ್ಲಿ ಪುರವಣಿ ಓದುವ ಹೆಂಗಸರು ಕಮ್ಮಿಯೇನಿಲ್ಲ, ಪ್ಯಾಕಿಂಗಿನವರಿಂದ ಹಿಡಿದು ಯಜಮಾನಿಯರ ತನಕ ಇದ್ದೇವೆ.

ಸದ್ಯಕ್ಕೆ ಎರಡು ತಿದ್ದುಪಡಿ ಹಾಕಿದರೆ ಸಾಕು. ಫೋಟೋದ ಕೆಳಗೆ ‘ಬ್ಯಾಂಕ್ ಮುಖ್ಯಸ್ಥೆ’ ಅಂತಿರುವುದು ‘ಬ್ಯಾಂಕಿನ ನಿರ್ದೇಶಕ ಮಂಡಳಿಯ ಮಾಜಿ ಅಧ್ಯಕ್ಷೆ, ಪೀಠೋಪಕರಣ ತಯಾರಕಿ’ ಅಂತ ಆಗಲಿ. ‘2021ರಲ್ಲಿ ನಿವೃತ್ತರಾದರು’ ಎಂಬ ವಾಕ್ಯದ ಜಾಗಕ್ಕೆ ನಡೆದದ್ದು ಬರಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಆಫೀಸ್ ಫರ್ನಿಚರ್ ತಯಾರಕಿ, ಶಿವಮೊಗ್ಗ